ಠಾಣೆಯ ರೈಟರಿಗೆ ಕಥೆ ಬರೆಯುವವರು ಯಾರು?

ನಮ್ಮ ಬಗ್ಗೆ ಕನ್ನಡದಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವನು ಯಾರು? ನವೋದಯದವನಲ್ಲ, ನವ್ಯದವನಂತೂ ಅಲ್ಲವೇ ಅಲ್ಲ. ಠಾಣೆಯ ರೈಟರ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂ ಕಡೆಯ ಗ್ರಂಥಾಲಯಗಳಲ್ಲಿ ನಮ್ಮ ಕೇರಿಯ ಬದುಕು ಇರುವ ಪುಸ್ತಕ ಹುಡುಕಲು ಹೋದರೆ ಕೈಗೆ ಧೂಳು ಹತ್ತುತ್ತದೆ. ಅದೇ ಊರುಗಳ ಠಾಣೆಯ ಕಪಾಟು ತೆಗೆದರೆ ನಮ್ಮ ಮುತ್ಯಾ, ಆಯಿ, ಕಾಕಾ, ಚಿಗವ್ವ ಎಲ್ಲರೂ ಸಿಗುತ್ತಾರೆ. ಕೆಲವರು ಫಿರ್ಯಾದಿಗಳಾಗಿ, ಹಲವರು ಆರೋಪಿಗಳಾಗಿ. ಬಟ್ಟೆಯಲ್ಲಿ ಕಟ್ಟಿಟ್ಟ ಆ ಕಡತಗಳೇ ನಮ್ಮ ವಂಶಾವಳಿ. ಬೇರೆಯವರಿಗೆ ಹೆಳವರು ಬಂದು ವಂಶ ಹಾಡುತ್ತಾರೆ, ನಮಗೆ ರೈಟರ್ ಬರೆದಿಟ್ಟಿದ್ದಾನೆ.

ಈ ರೈಟರ್‌ನ ಗದ್ಯ ನೋಡಿ: ‘ಸದರಿ ಆರೋಪಿತನು ಫಿರ್ಯಾದಿದಾರಳಿಗೆ ವಿನಾಕಾರಣ ಅವಾಚ್ಯ ಶಬ್ದಗಳಿಂದ ಬೈದು, ಜಾತಿ ನಿಂದನೆ ಮಾಡಿ, ಕೈಯಿಂದ ಹೊಡೆದು ಜೀವದ ಬೆದರಿಕೆ ಹಾಕಿರುತ್ತಾನೆ.’ ಯಾವ ಊರಿನ ಯಾವ ಜಗಳಕ್ಕಾದರೂ ಇದೇ ಒಂದು ವಾಕ್ಯ. ನಾವು ಕವಿತೆ ಬರೆಯುವ ಹುಡುಗರು, ಒಂದು ಶಬ್ದ ಸುಳ್ಳಾದರೆ ಇಡೀ ಸಾಲು ಸುಳ್ಳಾಗುತ್ತದೆ ಎಂದು ಬಲ್ಲವರು. ಈ ಸಾಲಿನಲ್ಲಿ ಎಷ್ಟು ಶಬ್ದ ಸುಳ್ಳು ಲೆಕ್ಕ ಹಾಕೋಣ. ‘ವಿನಾಕಾರಣ’ ಅಂತೆ. ಕಾರಣ ಇತ್ತಲ್ಲ! ಆಕೆ ಕೂಲಿ ಕೇಳಿದ್ದಳು. ಕೊಡ ತಗೊಂಡು ಬೋರಿಂಗಿಗೆ ಮೊದಲು ಬಂದಿದ್ದಳು. ಮಗನ ಮದುವೆ ಮೆರವಣಿಗೆ ದೊಡ್ಡ ಓಣಿಯಿಂದ ಹೋಗಲಿ ಅಂದಿದ್ದಳು. ‘ಅವಾಚ್ಯ’ ಅಂತೆ. ಅಂದರೆ ಬಾಯಿಂದ ಆಡಬಾರದ್ದು. ಬೈದವನು ಊರ ನಡುವೆ ನಿಂತು ಆಡಿದ್ದಾನೆ. ಬೈಸಿಕೊಂಡವಳು ಕಿವಿಯಾರೆ ಕೇಳಿದ್ದಾಳೆ, ಠಾಣೆಗೆ ಬಂದು ಬಾಯಿ ಬಿಟ್ಟು ಹೇಳಿದ್ದಾಳೆ. ಇಷ್ಟೆಲ್ಲ ಆದಮೇಲೆ ಅದು ಅವಾಚ್ಯವಾದದ್ದು ರೈಟರ್‌ನ ಪೆನ್ನಿಗೆ ಮಾತ್ರ.

ಇದು ಬರೀ ಭಾಷೆಯ ಜಗಳ ಅಲ್ಲ. ದೌರ್ಜನ್ಯ ತಡೆ ಕಾಯ್ದೆ 1989ರದ್ದು, ಜಾರಿಯಾದದ್ದು 1990ರ ಜನವರಿ 30ರಂದು. 2015ರ ತಿದ್ದುಪಡಿಯ ನಂತರ ಅದರ ಕಲಂ 3(1)(ಆರ್) ಮತ್ತು 3(1)(ಎಸ್) ಹೇಳುವುದು ಏನು? ಪರಿಶಿಷ್ಟರನ್ನು ‘ಸಾರ್ವಜನಿಕರ ಕಣ್ಣಿಗೆ ಬೀಳುವಂಥ ಜಾಗದಲ್ಲಿ’ ಅವಮಾನ ಮಾಡಿದರೆ, ಜಾತಿ ಹೆಸರಿಡಿದು ಬೈದರೆ ಅಪರಾಧ. 2020ರ ನವೆಂಬರ್ 5ರಂದು ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಬಿಗಿ ಮಾಡಿತು. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ಒಳಗೆ ಬೈದಿದ್ದರೆ ಈ ಕಲಂ ನಿಲ್ಲುವುದಿಲ್ಲ ಎಂದಿತು. ಹಾಗಾದರೆ ಆ ಮೊದಲ ಕಾಗದದಲ್ಲಿ ಇರಬೇಕಾದದ್ದು ಮೂರು: ಬೈದ ಶಬ್ದ ಯಾವುದು, ನಿಂತಿದ್ದು ಎಲ್ಲಿ, ಕೇಳಿದವರು ಯಾರು. ಹನುಮಂದೇವರ ಗುಡಿ ಕಟ್ಟೆ ಮುಂದೆಯೋ, ಹಿಟ್ಟಿನ ಗಿರಣಿ ಬಾಗಿಲಲ್ಲೋ, ಬಸ್‌ಸ್ಟ್ಯಾಂಡಿನಲ್ಲೋ? ರೈಟರ್ ‘ಜಾತಿ ನಿಂದನೆ ಮಾಡಿ’ ಎಂದು ಮೂರು ಪದದಲ್ಲಿ ಮುಗಿಸಿದಾಗ ಕೇಸು ಅಲ್ಲೇ ಅರ್ಧ ಸತ್ತಿರುತ್ತದೆ. ವರ್ಷಗಳ ಮೇಲೆ ಕೋರ್ಟಿನಲ್ಲಿ ವಕೀಲ ಎದ್ದು, ‘ಎಲ್ಲಿ ಬೈದರಮ್ಮ? ಇಲ್ಲಿ ಬರೆದಿಲ್ಲವಲ್ಲ?’ ಎನ್ನುತ್ತಾನೆ. ಆಕೆ ‘ನಾ ಹೇಳಿದ್ದೆ ಯಪ್ಪಾ, ಅವರು ಬರಕೊಂಡಿಲ್ಲ’ ಎಂದರೆ ಅದು ‘ನಂತರ ಸೇರಿಸಿದ ಹೇಳಿಕೆ’ಯಾಗುತ್ತದೆ. ಇಲ್ಲಿ ಲಂಚವೂ ಇಲ್ಲದಿರಬಹುದು, ಗೌಡರ ಫೋನೂ ಬರದಿರಬಹುದು. ಮೇಲಿನ ರೈಟರ್ ಹಂಗೇ ಬರೀತಿದ್ದ, ಇವನೂ ಹಂಗೇ ಬರೆದ, ಅಷ್ಟೇ.

ಆಕೆ ಹೆಬ್ಬೆಟ್ಟು ಒತ್ತಿ ಬಂದಳು. ಒತ್ತಿದ್ದರ ಮೇಲೆ ಏನಿತ್ತು ಎಂದು ಆಕೆಗೆ ಗೊತ್ತಿಲ್ಲ. ಬಾಯಿ ಮಾತಿನ ದೂರನ್ನು ಬರೆದುಕೊಂಡು, ಫಿರ್ಯಾದಿಗೆ ಓದಿ ಹೇಳಿ, ಆಮೇಲೆ ಸಹಿ ಪಡೆದು, ಒಂದು ಪ್ರತಿ ಪುಕ್ಕಟೆ ಕೊಡಬೇಕು ಎಂದು 1995ರ ನಿಯಮಗಳ 5ನೇ ನಿಯಮ ಹೇಳುತ್ತದೆ. ಓದಿ ಹೇಳುವುದು ಕರ್ತವ್ಯ ಎಂದು ಕಾಯ್ದೆಯ 4ನೇ ಕಲಮಿನಲ್ಲೂ ಇದೆ. ಬೇಕಂತಲೇ ಕರ್ತವ್ಯ ಬಿಟ್ಟ ಪರಿಶಿಷ್ಟೇತರ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ ಎಂದೂ ಇದೆ. ಎಷ್ಟು ಠಾಣೆಗಳಲ್ಲಿ ಓದಿ ಹೇಳುತ್ತಾರೆ? ಕೇರಿಗೆ ಬಂದು ಕೇಳಿ. ನಮ್ಮಲ್ಲಿ ಬಹುಪಾಲು ಹುಡುಗರು ಕವಿತೆಗೆ ಮುಂಚೆ ಬರೆದದ್ದು ಅರ್ಜಿ. ಮನೆಯಲ್ಲಿ ಮೊದಲು ಅಕ್ಷರ ಕಲಿತವನೆಂದು ಓಣಿಯೆಲ್ಲ ನಮ್ಮ ಮುಂದೆ ಕೂತು, ‘ಬರಿಯೋ ತಮ್ಮಾ, ನಾ ಹೇಳ್ದಂಗ ಬರಿ’ ಎಂದಿತು. ‘ಹೇಳ್ದಂಗ ಬರಿ’ ಎಂಬುದಕ್ಕಿಂತ ದೊಡ್ಡ ಕಾವ್ಯಮೀಮಾಂಸೆಯನ್ನು ಬಿ.ಎ. ತರಗತಿಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಪೊಲೀಸರೇ ಓದುವ ಒಂದು ಪತ್ರಿಕೆಯವರು (ಹೆಸರು ಬೇಡ, ನಮ್ಮ ಜಗಳ ಹೆಸರಿನ ಮೇಲಲ್ಲ) ನಮ್ಮ ಬಳಗದ ಇಬ್ಬರನ್ನು ಕೇಳಿದ್ದಾರೆ. ‘ನೀವು ಹಳ್ಳಿ ಬಲ್ಲವರು, ಬರವಣಿಗೆ ಬಲ್ಲವರು. ನಮ್ಮ ಸಿಬ್ಬಂದಿಗೆ ಮಾಹಿತಿ ಸಿಗುವಂಥ ಕಥೆ, ಲೇಖನ ಬರೆದುಕೊಡಿ’ ಎಂದಿದ್ದಾರೆ. ಜೊತೆಗೆ ಷರತ್ತುಗಳು. ಸಾವಿರ ಪದ ದಾಟಬಾರದು. ಧನಾತ್ಮಕವಾಗಿರಬೇಕು. ಇಲಾಖೆಗೆ ಮುಜುಗರ ಆಗಬಾರದು. ಜಾತಿಯ ಹೆಸರು ಬರಬಾರದು, ‘ಒಂದು ಸಮುದಾಯ’ ಎಂದರೆ ಸಾಕು.

ಸುದ್ದಿ ತಿಳಿದೊಡನೆ ಗೆಳೆಯರು ಎರಡು ಬಣವಾದರು. ಒಂದು ಬಣ, ‘ಲಾಠಿಗೆ ಎಣ್ಣೆ ಹಚ್ಚುವ ಕೆಲಸ ಇದು, ಬಂಡಾಯದವರು ಖಾಕಿಗೆ ಬರೆಯುವುದೆಂದರೇನು?’ ಎಂದಿತು. ಇನ್ನೊಂದು ಬಣಕ್ಕೆ ದೊಡ್ಡ ಸಾಹೇಬರ ಸಹಿ ಇರುವ ಪತ್ರ ಬಂತಲ್ಲ ಎಂಬ ಖುಷಿ. ಕೇಳಿದ್ದನ್ನು ಕೇಳಿದಂತೆ ಬರೆದುಕೊಡೋಣ ಎಂದಿತು. ನಾವು ಎರಡೂ ಬಣಕ್ಕೆ ಜಗಳ ತೆಗೆಯುತ್ತೇವೆ.

ಮೊದಲು ಬರೆಯಬಾರದೆನ್ನುವ ಗೆಳೆಯರಿಗೆ. ನಿಮ್ಮ ಸಿಟ್ಟು ಸುಳ್ಳಲ್ಲ. ಅಟ್ರಾಸಿಟಿ ಕೇಸು ಕೊಡಲು ಹೋದವನ ಮೇಲೆ ಸಂಜೆಯೊಳಗೆ ಎದುರು ಕೇಸು ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ‘ಅಣ್ಣತಮ್ಮರಂಗ ಇರ್ರಿ, ಊರಾಗ ಬಾಳ್ವೆ ಮಾಡ್ಬೇಕಲ್ಲ’ ಎಂಬ ಠಾಣೆಯ ಉಪದೇಶ ನಮಗೂ ಬಾಯಿಪಾಠ. ಆದರೆ ಖಾಕಿ ಒಳಗೆ ಯಾರಿದ್ದಾರೆ ನೋಡಿ. ದುಂಡುಮೇಜಿನ ಪರಿಷತ್ತಿನ ಕಾಲಕ್ಕೇ ಬಾಬಾಸಾಹೇಬರು ಪೊಲೀಸು ಮತ್ತು ಸೈನ್ಯದ ಬಾಗಿಲು ಅಸ್ಪೃಶ್ಯರಿಗೆ ತೆರೆಯಬೇಕೆಂದು ಹಟ ಹಿಡಿದವರು. ಬರೀ ನೌಕರಿಗಾಗಿ ಅಲ್ಲ. ಹೊಡೆದವನ ಬಳಗವೇ ಠಾಣೆಯಲ್ಲಿ ಕೂತರೆ ದೂರು ಬರೆದುಕೊಳ್ಳುವವರು ಯಾರು ಎಂದು ಅವರಿಗೆ ಗೊತ್ತಿತ್ತು. ಇವತ್ತು ಮೀಸಲಾತಿಯಿಂದ, 2013ರಿಂದ ನಮ್ಮ ಭಾಗಕ್ಕೆ ಜಾರಿಯಾದ 371ಜೆ ಕಲಮಿನಿಂದ, ನಮ್ಮ ಓಣಿಯ ಹುಡುಗರೂ ಹುಡುಗಿಯರೂ ಟೋಪಿ ಹಾಕಿದ್ದಾರೆ. ತೊಗರಿ ಹೊಲದ ಕಲ್ಟಿಯ ಮೇಲೆ ಓಡಿ ದೇಹದಾರ್ಢ್ಯ ಪರೀಕ್ಷೆ ಪಾಸಾದವರು ಅವರು. ಅವರನ್ನು ಓದಲು ಬಿಡದೆ ‘ನೀನು ಪ್ರಭುತ್ವ’ ಎಂದು ಬೈದು ಬಂದರೆ ಲಾಭ ಯಾರಿಗೆ?

ಈ ಜಿಲ್ಲೆಯಲ್ಲಿ ಆ ಟೋಪಿಯನ್ನೂ ಕದ್ದರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ. 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್ಐ ಹುದ್ದೆಗಳ ಪರೀಕ್ಷೆ, ಕಲಬುರಗಿಯ ಪರೀಕ್ಷಾ ಕೇಂದ್ರದಿಂದಲೇ ಬಯಲಾದ ಓಎಂಆರ್ ಹಗರಣ, ಪಟ್ಟಿ ರದ್ದು, 2024ರ ಜನವರಿಯಲ್ಲಿ ಮರುಪರೀಕ್ಷೆ. ನಡುವಿನ ಎರಡು ವರ್ಷಕ್ಕೂ ಮಿಕ್ಕಿ ದಿನಗಳನ್ನು ಎಷ್ಟೋ ಬಡ ಹುಡುಗರು ಕೋಚಿಂಗ್ ಸಾಲದ ಬಡ್ಡಿ ಕಟ್ಟುತ್ತ ಕಳೆದರು. ಕಾನೂನು ಕಾಯುವವರ ಪರೀಕ್ಷೆಯಲ್ಲೇ ಕಾನೂನು ಸತ್ತಿತು. ಇದಕ್ಕಿಂತ ಮಾಹಿತಿಪೂರ್ಣ ಕಥೆ ಪೊಲೀಸರಿಗೆ ಬೇರೆ ಬೇಕೆ? ಯಾವ ಪತ್ರಿಕೆ ಅದನ್ನು ‘ಧನಾತ್ಮಕ’ ಮಾಡಿ ಅಚ್ಚು ಹಾಕುತ್ತದೆ, ನೋಡಬೇಕು.

ಇನ್ನೊಂದು ಮಾತು ನಮ್ಮ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ಪೊಲೀಸನು ತನ್ನ ಕಥೆಯನ್ನು ತಾನೇ ಬರೆಯುವಂತಿಲ್ಲ. 1966ರ ಪೊಲೀಸ್ ಪಡೆಗಳ (ಹಕ್ಕುಗಳ ನಿರ್ಬಂಧ) ಕಾಯ್ದೆ ಅವನಿಗೆ ಅನುಮತಿಯಿಲ್ಲದೆ ಸಂಘ ಕಟ್ಟಬೇಡ ಎನ್ನುತ್ತದೆ, ಪತ್ರಿಕೆಗೆ ಬರೆಯಬೇಡ, ಪುಸ್ತಕ ತರಬೇಡ ಎನ್ನುತ್ತದೆ. ಕರ್ತವ್ಯದ ಭಾಗವಾದ ಬರವಣಿಗೆ ಬಿಟ್ಟರೆ, ಶುದ್ಧ ಸಾಹಿತ್ಯ, ಕಲೆ, ವಿಜ್ಞಾನಕ್ಕೆ ಮಾತ್ರ ಸಡಿಲು. ಅಂದರೆ ಕಾನ್‌ಸ್ಟೇಬಲ್ ಚಂದ್ರನ ಮೇಲೆ ಕವಿತೆ ಬರೀಬಹುದು, ಹದಿನಾರು ತಾಸಿನ ಡ್ಯೂಟಿ ಮೇಲೆ ಬರೆಯಂಗಿಲ್ಲ! 2016ರ ಜೂನ್ 4ರಂದು ರಾಜ್ಯದ ಕೆಳಹಂತದ ಪೊಲೀಸರು ಸಾಮೂಹಿಕ ರಜೆ ಹಾಕುತ್ತೇವೆ ಎಂದಾಗ ಏನಾಯಿತು? ಸಂಬಳ, ರಜೆ, ಸಾಹೇಬರ ಮನೆಗೆಲಸ, ಇವೇ ಅವರ ದೂರುಗಳು. ಉತ್ತರವಾಗಿ ಬಂದದ್ದು ಎಸ್ಮಾ ಬೆದರಿಕೆ, ಮುಂದಾಳಿನ ಮೇಲೆ ರಾಜದ್ರೋಹದ ಕೇಸು. ದೂರು ಕೊಟ್ಟವನೇ ಆರೋಪಿಯಾಗುವ ಆಟ ನಮಗೆ ಹಳೆಯದು. ಅವತ್ತು ಅದನ್ನು ಅವರೂ ಉಂಡರು. ಅವರ ದುಃಖಕ್ಕೆ ಮರುಗಿ ಅವರು ನಮಗೆ ಮಾಡಿದ್ದನ್ನು ಮರೆಯಿರಿ ಎಂದು ನಾವು ಹೇಳುತ್ತಿಲ್ಲ. ಬಾಯಿ ಹೊಲಿದ ಓದುಗನಿಗೆ ಬರೆಯುವವರು ಹೊರಗಿನಿಂದ ಬರಬೇಕು ಎನ್ನುತ್ತಿದ್ದೇವೆ. ಆ ಹೊರಗಿನವರು ಯಾರಾಗಬೇಕು, ಬೆಂಗಳೂರಿನ ಭಾಷಣಕಾರರೋ, ಅರ್ಜಿ ಬರೆದು ಕೈ ಸವೆದ ನಾವೋ?

ಈಗ ಪತ್ರಿಕೆಯವರ ಕಡೆ ತಿರುಗುತ್ತೇವೆ. ಪೊಲೀಸರ ಓದಿಗೆಂದು ದೇಶದಲ್ಲಿ ಏನೂ ಇಲ್ಲವೆಂದಲ್ಲ. 1970ರಲ್ಲಿ ಹುಟ್ಟಿದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ದೆಹಲಿಯಿಂದ ‘ಇಂಡಿಯನ್ ಪೊಲೀಸ್ ಜರ್ನಲ್’ ತರುತ್ತದೆ. ಅದು ಇಂಗ್ಲಿಷಿನದು, ದೊಡ್ಡ ಅಧಿಕಾರಿಗಳ ಮೇಜಿನದು. ಚಿಂಚೋಳಿಯ ಜಾತ್ರೆ ಬಂದೋಬಸ್ತಿನಲ್ಲಿ ವ್ಯಾನಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುವ ಹೆಡ್ ಕಾನ್‌ಸ್ಟೇಬಲ್ ಅದನ್ನು ಓದುವುದಿಲ್ಲ. ಅವನ ಕೈಗೆ ಬೀಳುವುದು ಪದಕ ಪ್ರದಾನದ ಫೋಟೋ, ಕ್ರೀಡಾಕೂಟದ ಫೋಟೋ, ಗಿಡ ನೆಟ್ಟ ಫೋಟೋ, ಸಾಹೇಬರ ಸಂದೇಶ. ಕಥೆ ಎಂದರೆ ಕೊಲೆಗಾರನನ್ನು ಜಾಣತನದಿಂದ ಹಿಡಿದ ಕಥೆ. ಕೊನೆಗೆ ಗೆಲ್ಲುವುದು ಇಲಾಖೆಯೇ.

ಗೆದ್ದ ಕಥೆ ಓದಿ ಯಾವ ರೈಟರ್ ಏನು ಕಲಿತಾನು? ಸೋತದ್ದನ್ನು ಬರೆಯಿರಿ. ಕಂಬಾಲಪಲ್ಲಿಯನ್ನು ಬರೆಯಿರಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಆ ಊರಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಏಳು ಹೆಣ ಇವೆ, ಸುಟ್ಟವರು ಯಾರೂ ಇಲ್ಲ. ಸಾಕ್ಷಿ ಯಾಕೆ ತಿರುಗುತ್ತಾನೆ? ಕೊಂದವರ ಹೊಲದಲ್ಲೇ ನಾಳೆ ಕೂಲಿಗೆ ಹೋಗಬೇಕು, ಕೊಂದವರ ಬಾವಿಯಿಂದಲೇ ನೀರು ಬರಬೇಕು. ಸಾಕ್ಷಿಗೆ ರಕ್ಷಣೆ, ವಸತಿ, ಪ್ರಯಾಣದ ಖರ್ಚು ಕೊಡಬೇಕೆಂಬ 15ಎ ಕಲಂ ಕಾಯ್ದೆಗೆ ಸೇರಿದ್ದು 2015ರ ತಿದ್ದುಪಡಿಯಿಂದ, ಜಾರಿಯಾದದ್ದು 2016ರ ಜನವರಿ 26ರಿಂದ. ಕಂಬಾಲಪಲ್ಲಿಗೆ ಅದು ತಡವಾಗಿ ಬಂತು. ಇವತ್ತಿನ ಸಾಕ್ಷಿಗಾದರೂ ಆ ಕಲಮಿದೆ ಎಂದು ಠಾಣೆಗೆ ಯಾರು ಹೇಳಬೇಕು?

ಅದರ ಪಕ್ಕದಲ್ಲಿ ಮರಕುಂಬಿಯನ್ನು ಇಡಿ. ಗಂಗಾವತಿ ತಾಲೂಕಿನದು, ನಮ್ಮ ಕಲ್ಯಾಣ ಕರ್ನಾಟಕದ್ದೇ ಊರು. 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೆ, ಹೋಟೆಲಿಗೆ ಬಿಡದಿದ್ದ ಊರು ಅದು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ಕೊಟ್ಟಿತು. 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಮೇಲ್ಮನವಿ ಹೈಕೋರ್ಟಿಗೆ ಹೋಯಿತು, ಬಹಳ ಮಂದಿಗೆ ಜಾಮೀನೂ ಸಿಕ್ಕಿತು. ಅದು ಬೇರೆ ಮಾತು. ಆದರೆ ಹತ್ತು ವರ್ಷ ಆ ಸಾಕ್ಷಿಗಳು ಹ್ಯಾಂಗ ನಿಂತರು? ಇಷ್ಟೊಂದು ಆರೋಪಿಗಳಲ್ಲಿ ಯಾರು ಏನು ಮಾಡಿದ ಎಂದು ಬಿಡಿಬಿಡಿಯಾಗಿ ಹ್ಯಾಂಗ ಬರೆದರು? ಕಂಬಾಲಪಲ್ಲಿಯಲ್ಲಿ ಕಳಚಿದ ಕೊಂಡಿ ಯಾವುದು, ಮರಕುಂಬಿಯಲ್ಲಿ ಉಳಿದ ಕೊಂಡಿ ಯಾವುದು? ಎರಡನ್ನೂ ಎದುರುಬದುರು ಇಟ್ಟು ಬರೆದರೆ ಅದು ಮಾಹಿತಿ. ಇದನ್ನು ಜಾತಿಯ ಹೆಸರಿಲ್ಲದೆ ಬರೆಯುವುದು ಹೇಗೆ? ‘ಒಂದು ಸಮುದಾಯದವರು ಇನ್ನೊಂದು ಸಮುದಾಯದವರಿಗೆ ಬೆಂಕಿ ಹಚ್ಚಿದರು’ ಎಂದೇ? ಕಾಯ್ದೆಯ ಹೆಸರಿನಲ್ಲೇ ಜಾತಿ ಇದೆ. ಜಾತಿ ಬರೆಯದಿದ್ದರೆ ಆ ಎಫ್ಐಆರ್ ನಿಲ್ಲುವುದಿಲ್ಲ. ಎಫ್ಐಆರಿಗೆ ಬೇಕಾದದ್ದು ನಿಮ್ಮ ಪತ್ರಿಕೆಗೆ ಬೇಡವಾದದ್ದು ಹ್ಯಾಂಗ?

ನಮ್ಮ ಐದು ಊರುಗಳಿಗೇ ಬರೋಣ. ಶಹಾಬಾದದ ಕಲ್ಲು ಊರೂರಿನ ಠಾಣೆಗಳ ನೆಲಕ್ಕೆ ಹಾಸಿದೆ. ಅದೇ ಹಾಸುಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಖಣಿಯ ಕೂಲಿಯವನು, ‘ಮುಂಗಡ ತಗೊಂಡೀನ್ರಿ, ಬಿಟ್ಟು ಹೋಗಾಕ ಬಿಡವಲ್ರು’ ಎನ್ನುತ್ತಾನೆ. ಠಾಣೆ, ‘ಇದು ರೊಕ್ಕದ ವ್ಯವಹಾರ, ಕೋರ್ಟಿಗೆ ಹೋಗು’ ಎನ್ನುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಬಿಟ್ಟಿ, ಜೀತ ಮಾಡಿಸುವುದು ದೌರ್ಜನ್ಯ ಕಾಯ್ದೆಯ 3(1)(ಎಚ್) ಕಲಂ ಪ್ರಕಾರವೂ ಅಪರಾಧ. ಸೇಡಂ ಕಡೆ ತೊಗರಿ ರಾಶಿಯ ಹೊತ್ತಿಗೆ ನಮ್ಮವರ ಹೊಲದ ಬೆಳೆಗೆ ಕೈ ಹಾಕಿದರೆ, ಬದು ಒತ್ತಿದರೆ, ‘ಸಿವಿಲ್ ಮ್ಯಾಟರ್’ ಎಂಬ ಮಂತ್ರ. ಜಮೀನಿನಿಂದ ಹೊರ ಹಾಕುವುದು, ಬೆಳೆ ನಾಶ ಮಾಡುವುದು, ಫಸಲು ಹೊತ್ತೊಯ್ಯುವುದು 3(1)(ಜಿ). ಅದು ಸಿವಿಲ್ ಅಲ್ಲ, ಕ್ರಿಮಿನಲ್. ಊರವರು ಸೇರಿ ಕಿರಾಣಿ ಕೊಡದೆ, ಹಿಟ್ಟು ಬೀಸದೆ ಬಹಿಷ್ಕಾರ ಹಾಕಿದರೆ, ‘ಅಂಗಡಿಯವ ಸಾಮಾನು ಕೊಡದಿದ್ರ ನಾವೇನ್ ಮಾಡಬೇಕು?’ ಎಂದು ಕೇಳುವ ಫೌಜದಾರರಿಗೆ 3(1)(ಜೆಡ್‌ಸಿ) ಎಂಬ ಉತ್ತರ 2016ರಿಂದ ಕಾದು ಕೂತಿದೆ.

ಚಿಂಚೋಳಿಯ ತಾಂಡಾದವರದು ಇನ್ನೊಂದು ತೊಡಕು. ಹೊಟ್ಟೆಪಾಡಿಗೆ ಹೈದರಾಬಾದು, ಪುಣೆ, ಮುಂಬಯಿ ಸುತ್ತುವವರು ಅವರು. ಕರ್ನಾಟಕದಲ್ಲಿ ಲಂಬಾಣಿ ಪರಿಶಿಷ್ಟ ಜಾತಿ. ಗಡಿ ದಾಟಿ ತಾಂಡೂರಿಗೆ ಹೋದರೆ ಪರಿಶಿಷ್ಟ ಪಂಗಡ. ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ಮನುಷ್ಯ ಒಬ್ಬನೇ, ರೈಲು ಹತ್ತಿ ಇಳಿಯುವುದರೊಳಗೆ ಸರ್ಕಾರದ ಮೂರು ಪಟ್ಟಿ. ಈ ಗೊಂದಲ ಹಿಡಿದು ‘ಸರ್ಟಿಫಿಕೇಟ್ ತಗೊಂಡು ಬಾ, ಆಮ್ಯಾಲೆ ನೋಡೋಣ’ ಎಂದು ತಿರುಗಿ ಕಳಿಸುತ್ತಾರೆ. ಪ್ರಮಾಣಪತ್ರ ಕೈಯಲ್ಲಿ ಹಿಡಿದೇ ಬಂದವನ ದೂರು ಮಾತ್ರ ಬರೆದುಕೋ ಎಂದು 5ನೇ ನಿಯಮದಲ್ಲಿ ಎಲ್ಲೂ ಇಲ್ಲ.

ವಾಡಿ ಜಂಕ್ಷನ್ನು ಗೊತ್ತಲ್ಲ. ಪ್ಲಾಟ್‌ಫಾರ್ಮಿನ ಮೇಲೆ ರೈಲ್ವೆ ಪೊಲೀಸರ ಹದ್ದು, ಮೆಟ್ಟಿಲಿಳಿದರೆ ಊರ ಠಾಣೆಯ ಹದ್ದು, ಓಡುವ ಗಾಡಿಯಲ್ಲಿ ಆದದ್ದಾದರೆ ಯಾವ ಊರು ದಾಟುವಾಗ ಆಯಿತೆಂಬ ತರ್ಕ. ಏಟು ತಿಂದವನನ್ನು ಹದ್ದಿನಿಂದ ಹದ್ದಿಗೆ ಚೆಂಡಾಡುತ್ತಾರೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ಅಪರಾಧ ಎಲ್ಲೇ ಆಗಿರಲಿ, ಮುಂದೆ ಬಂದ ದೂರನ್ನು ಆ ಠಾಣೆಯೇ ಬರೆದುಕೊಳ್ಳಬೇಕು. ಜೀರೋ ಎಫ್ಐಆರ್ ಎನ್ನುತ್ತಾರಲ್ಲ, ಅದು.

ಅದೇ 173ರಲ್ಲಿ ಒಂದು ಕಂದಕವೂ ಇದೆ. ಇದನ್ನು ಪೊಲೀಸರಿಗಿಂತ ಮೊದಲು ನಮ್ಮ ಕಾರ್ಯಕರ್ತರು ಓದಬೇಕು. ಅದರ ಮೂರನೇ ಉಪಕಲಂ ಪ್ರಕಾರ ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನ ‘ಪ್ರಾಥಮಿಕ ವಿಚಾರಣೆ’ ಮಾಡಬಹುದು. ದೌರ್ಜನ್ಯ ಕಾಯ್ದೆಯ 3(1)ರ ಅಪರಾಧಗಳಿಗೆ ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಸರಿಯಾಗಿ ಆ ಸಂದಿಯಲ್ಲೇ ಬೀಳುತ್ತದೆ. 14 ದಿನದಲ್ಲಿ ಹಳ್ಳಿಯಲ್ಲಿ ಏನಾಗುತ್ತದೆ ಎಂದು ನಾವು ಹೇಳಬೇಕೆ? ಮೊದಲ ದಿನ ಗೌಡರ ಆಳು ಬರುತ್ತಾನೆ, ಮೂರನೇ ದಿನ ಸಂಬಂಧಿಕರು ಬರುತ್ತಾರೆ, ಏಳನೇ ದಿನ ಸಾಲ ಕೊಟ್ಟವನು ಬರುತ್ತಾನೆ, ಹತ್ತನೇ ದಿನ ಗುಡಿಯಲ್ಲಿ ರಾಜಿ ಪಂಚಾಯ್ತಿ. ಹದಿನಾಲ್ಕನೇ ದಿನಕ್ಕೆ ಫಿರ್ಯಾದಿಯೇ ಇರುವುದಿಲ್ಲ.

ಆದರೆ ಕಾಯ್ದೆಯ 18ಎ ಕಲಂ ಎಫ್ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಾಗಿಲ್ಲ ಎನ್ನುತ್ತದೆ. 20ನೇ ಕಲಂ, ಬೇರೆ ಕಾನೂನು ಏನೇ ಹೇಳಲಿ ಈ ಕಾಯ್ದೆಯದ್ದೇ ಮೇಲುಗೈ ಎನ್ನುತ್ತದೆ. ಆ 18ಎ ಸುಮ್ಮನೆ ಬರಲಿಲ್ಲ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ಮಹಾಜನ್ ಪ್ರಕರಣದಲ್ಲಿ, ಮೊದಲು ವಿಚಾರಣೆ ಮಾಡಿ, ಬಂಧನಕ್ಕೆ ಮೇಲಿನವರ ಒಪ್ಪಿಗೆ ಪಡೆಯಿರಿ ಎಂದಿತ್ತು. ಏಪ್ರಿಲ್ 2ರಂದು ದೇಶದ ದಲಿತರು ಬೀದಿಗಿಳಿದರು, ಜೀವಗಳು ಹೋದವು. ಆಮೇಲೆ ಸಂಸತ್ತು 18ಎ ತಂದಿತು. 2019ರ ಅಕ್ಟೋಬರ್ 1ರಂದು ನ್ಯಾಯಾಲಯ ತನ್ನ ನಿರ್ದೇಶನಗಳನ್ನು ಹಿಂದಕ್ಕೆ ಪಡೆಯಿತು, 2020ರ ಫೆಬ್ರವರಿ 10ರಂದು 18ಎಯನ್ನು ಎತ್ತಿ ಹಿಡಿಯಿತು. ‘ಸುಳ್ಳು ಕೇಸು ಹಾಕ್ತಾರ, ಪರಿಹಾರದ ಆಸೆಗೆ ಬರ್ತಾರ’ ಎಂಬ ಕಟ್ಟೆಪುರಾಣ ಠಾಣೆಯಲ್ಲಿ ಇನ್ನೂ ಓಡುತ್ತಿದೆ. 2019ರ ಆ ತೀರ್ಪು, ಕೇಸು ಸುಳ್ಳೆನಿಸುವುದಕ್ಕೆ ಕೆಟ್ಟ ತನಿಖೆಯೂ ಕಾರಣ ಇರಬಹುದು, ಅದನ್ನು ಜಾತಿಗೆ ಅಂಟಿಸಬೇಡಿ ಎಂದಿದೆ. ಪರಿಹಾರದ ಮಾತೆಂದರೆ, 2016ರ ನಿಯಮಗಳಂತೆ ಜಾತಿ ಹಿಡಿದು ಬೈದ ಪ್ರಕರಣಕ್ಕೆ ಒಂದು ಲಕ್ಷ. ಎಫ್ಐಆರ್ ಹಂತಕ್ಕೆ ಕಾಲು ಭಾಗ, ದೋಷಾರೋಪಣ ಪಟ್ಟಿ ಹೋದಾಗ ಅರ್ಧ, ಶಿಕ್ಷೆಯಾದರೆ ಉಳಿದ ಕಾಲು. ಊರು ಬಿಡಬೇಕಾಗಿ ಬಂದ ಒಂದು ಕುಟುಂಬದ ಮುಂದೆ ಈ ಲೆಕ್ಕ ಇಟ್ಟು ‘ಆಸೆ’ ಎನ್ನುವವರ ನಾಲಿಗೆ ನಮಗೆ ಅರ್ಥವಾಗುವುದಿಲ್ಲ.

ಕಾನೂನು ಕಾಯುವವರಿಗೆ ಬರೆಯುವುದು ಹೊಸ ಕೆಲಸವೆಂದು ಯಾರಾದರೂ ತಿಳಿದಿದ್ದರೆ ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗಿ ಬನ್ನಿ, ಭೀಮಾ ದಂಡೆಗೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮೇಲ್ಛಾವಣಿ ಕುಸಿದಾಗ ಮೂರ್ತಿಯ ಪೀಠದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಅದರಲ್ಲಿ ಅವನ ಪ್ರತ್ಯೇಕ ಶಾಸನಗಳ ತುಣುಕುಗಳಿವೆ, ಪೂರ್ತಿ ಪಾಠ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿದೆ. ಆ ಶಾಸನ ಹೊರಟದ್ದು ಪ್ರಜೆಗಳಿಗಲ್ಲ, ಮಹಾಮಾತ್ರರೆಂಬ ಅಧಿಕಾರಿಗಳಿಗೆ, ನಗರದ ನ್ಯಾಯ ನೋಡುವವರಿಗೆ. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎಂದು ಅದು ತಾಕೀತು ಮಾಡುತ್ತದೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು, ಇವುಗಳಿಂದ ನ್ಯಾಯ ಕೆಡುತ್ತದೆ ಎನ್ನುತ್ತದೆ. ಈ ಮಾತನ್ನು ಗೊತ್ತಾದ ನಕ್ಷತ್ರದ ದಿನ ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದೂ ಹೇಳುತ್ತದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತು. ಅಧಿಕಾರಿಗಳಿಗೆ ಓದಿ ಹೇಳಲೆಂದು ಕೆತ್ತಿದ ಕಲ್ಲಿನ ನಡುವೆ ತೂತು ಕೊರೆದು ದೇವರನ್ನು ನಿಲ್ಲಿಸಿದ್ದರು. ಓದುವುದು ಬಿಟ್ಟ ಮಂದಿ ಕಲ್ಲಿಗೆ ಎಣ್ಣೆ ಬಿಟ್ಟರು.

ಅತ್ತ ಸೇಡಂ ತಾಲೂಕಿನ ಮಳಖೇಡ. ರಾಷ್ಟ್ರಕೂಟರ ರಾಜಧಾನಿ, ಕವಿಗಳು ಹೇಗೆ ಬರೆಯಬೇಕೆಂದು ಕವಿರಾಜಮಾರ್ಗ ಹೇಳಿದ ಜಾಗ. ಈಗ ಅಲ್ಲಿ ಸಿಮೆಂಟಿನ ಹೊಗೆ. ಕವಿಗೊಂದು ಮಾರ್ಗ, ಅಧಿಕಾರಿಗೊಂದು ಶಾಸನ ಎರಡೂ ಇದ್ದ ಈ ಸೀಮೆಯಲ್ಲಿ ಠಾಣೆಯ ರೈಟರ್ ಹೇಗೆ ಬರೆಯಬೇಕೆಂದು ಹೇಳುವ ನಾಲ್ಕು ಪುಟ ಕನ್ನಡ ನಮಗೆ ಸಿಕ್ಕಿಲ್ಲ.

ನಮ್ಮ ಕವಿಮಿತ್ರರಿಗೂ ಒಂದು ಮಾತು ಇದೆ, ಬಿಡುವುದಿಲ್ಲ. ಪೊಲೀಸನೆಂದರೆ ಬೂಟು, ಬೂಟೆಂದರೆ ರಕ್ತ, ರಕ್ತವೆಂದರೆ ಕೆಂಪು ಸೂರ್ಯ. ಹೀಗೆ ಎಷ್ಟು ಕವಿತೆ ಬಂದಿವೆ! ವೇದಿಕೆಯಲ್ಲಿ ಚಪ್ಪಾಳೆ ಬೀಳುತ್ತದೆ, ಠಾಣೆಯಲ್ಲಿ ಒಂದು ಅಲ್ಪವಿರಾಮವೂ ಅಲುಗುವುದಿಲ್ಲ. ಈ ಬರವಣಿಗೆಗೆ ಉಪಮೆ ಬೇಡ. ಇಸವಿ ಬೇಕು, ಕಲಂ ಬೇಕು, ಕೇಸು ಎಲ್ಲಿ ಸತ್ತಿತು ಎಂಬುದು ಬೇಕು. ದಣಿದು ಬಂದ ಪೇದೆ ಚಾ ಆರುವುದರೊಳಗೆ ಓದಿ ಮುಗಿಸುವಂತಿರಬೇಕು. ಓದಿ ಸಿಟ್ಟು ಬಂದರೆ ಬರಲಿ, ಸಿಟ್ಟು ಬಂದವನು ಎರಡನೇ ಸಲ ಓದುತ್ತಾನೆ.

ಆದ್ದರಿಂದ ಪತ್ರಿಕೆಯವರಿಗೆ ನಾವು ಉತ್ತರ ಬರೆದಿದ್ದೇವೆ. ಬರೆದುಕೊಡುತ್ತೇವೆ. ಸಾವಿರ ಪದದ ಷರತ್ತು ಒಪ್ಪಿಗೆ. ಉಳಿದವು ಒಪ್ಪಿಗೆಯಿಲ್ಲ. ಜಾತಿಯ ಹೆಸರು ಇರುತ್ತದೆ. ಫಿರ್ಯಾದಿಯ ಹೆಸರು ಇರುವುದಿಲ್ಲ, ಆಕೆಯ ಬದುಕು ಆ ಊರಲ್ಲೇ ನಡೆಯಬೇಕಾದ್ದರಿಂದ. ಇಲಾಖೆ ಸೋತ ಕಡೆ ಸೋತಿತು ಎಂದೇ ಇರುತ್ತದೆ. ಒಂದು ಶಬ್ದ ತಿದ್ದುವುದಾದರೂ ನಮಗೆ ಓದಿ ಹೇಳಿ, ಸಹಿ ಪಡೆದು ತಿದ್ದಬೇಕು. 5ನೇ ನಿಯಮ ಸಂಪಾದಕರಿಗೂ ಅನ್ವಯಿಸಲಿ.

ಮೊದಲ ಲೇಖನ ಕಳಿಸಿಯಾಗಿದೆ. ‘ಅವಾಚ್ಯ’ ಎಂಬ ಶಬ್ದದ ಮೇಲೆ. ಅವರು ಹಾಕದಿದ್ದರೆ ಬರುವ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಬರುತ್ತದೆ. ಆಗ ಹಳ್ಳಿಯ ಮಾಸ್ತರರು, ಕಾಲೇಜು ಹುಡುಗರು ಒಂದೊಂದು ಪ್ರತಿ ಹೆಚ್ಚಿಗೆ ತಗೊಳ್ಳಿ. ಕೇರಿಯವರ ಜೊತೆ ಠಾಣೆಗೆ ಹೋದ ದಿನ ರೈಟರ್‌ನ ಟೇಬಲ್ ಮೇಲೆ ಇಟ್ಟು, ‘ಸಾಹೇಬ್ರ, ಬರಕೊಂಡದ್ದು ಒಮ್ಮಿ ಓದಿ ಹೇಳ್ರಿ, ಆಮ್ಯಾಲೆ ಹೆಬ್ಬೆಟ್ಟು’ ಎನ್ನಿ. ಬರೆದುಕೊಳ್ಳಲು ಒಲ್ಲೆ ಎಂದರೆ ಅದೇ ದೂರನ್ನು ಕಾಗದದಲ್ಲಿ ಬರೆದು ಎಸ್ಪಿಯವರಿಗೆ ಅಂಚೆಯಲ್ಲಿ ಹಾಕಿ. ರಿಜಿಸ್ಟರ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.